ಸಮವಸ್ತ್ರವೇ ಅರ್ಹತೆಯೇ?

2009ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತ ಕ್ಯಾಪ್ಟನ್ ಗೋಪಿನಾಥ್ ಸೋತರು. 2024ರಲ್ಲಿ ದಕ್ಷಿಣ ಕನ್ನಡದಲ್ಲಿ ಬಿಜೆಪಿಯ ಕ್ಯಾಪ್ಟನ್ ಬ್ರಿಜೇಶ್ ಚೌಟ ಗೆದ್ದರು. ಇಬ್ಬರೂ ಸೇನೆಯಲ್ಲಿದ್ದವರೇ. ಹಾಗಾದರೆ ಗೆಲ್ಲಿಸಿದ್ದು ಸಮವಸ್ತ್ರವೋ, ಪಕ್ಷವೋ?

ಮಲೆನಾಡಿನ ಅಳತೆಗೋಲೇ ಬೇರೆ. ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಕೋವಿ ಹಿಡಿದವರಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತರು. ಮರುವರ್ಷ ಸಾಗರ-ಹೊಸನಗರದ ಜನ ಅವರನ್ನು ವಿಧಾನಸಭೆಗೆ ಕಳಿಸಿದರು. ಆ ಹೋರಾಟವೂ ಶಾಶ್ವತ ಅರ್ಹತಾಪತ್ರವಾಗಲಿಲ್ಲ. 1957ರಲ್ಲಿ ಅವರು ಸೋತರು. 1962ರಲ್ಲಿ ತೀರ್ಥಹಳ್ಳಿ ಮತ್ತೆ ಗೆಲ್ಲಿಸಿತು.

ಸೈನಿಕನಿಗೆ ಆಜ್ಞಾಪಾಲನೆಯೇ ಕರ್ತವ್ಯ. ಜನಪ್ರತಿನಿಧಿಗೆ ಆಜ್ಞೆ ಮಾಡುವವರನ್ನು ಪ್ರಶ್ನಿಸುವುದೇ ಕರ್ತವ್ಯ. ಗಡಿ ಕಾದವರಿಗೆ ಗೌರವ ಸಲ್ಲಲಿ. ಆದರೆ ಮತ ಕೇಳಲು ಬಂದಾಗ, ಉಳುವವನ ಪರ ಎಂದು ನಿಂತಿರಿ ಎಂದು ಅವರನ್ನೂ ಕೇಳೋಣ.