ಕರುಣರಸದ ಅತಿದೀಪ್ತಿ

2013ರಿಂದ 2022ರವರೆಗೆ ಬಿ.ಬಿ.ಸಿ.ಯವರು ಪ್ರಸಾರಮಾಡಿದ ‘ಪೀಕಿ ಬ್ಲೈಂಡರ್ಸ್’ ಎಂಬ ಧಾರಾವಾಹಿಯು ಮೊದಲನೆಯ ಮಹಾಯುದ್ಧಾನಂತರದ ಬರ್ಮಿಂಗ್‌ಹ್ಯಾಮ್ ನಗರವನ್ನು ಹೊಗೆ, ಬೆಂಕಿ, ಕೆಸರುಗಳೊಡನೆ ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದೆ. ವೇಷಭೂಷಣಗಳಲ್ಲಾಗಲಿ ಅಭಿನಯದಲ್ಲಾಗಲಿ ಕೊರತೆಯಿಲ್ಲ. ಆದರೂ ಪ್ರೇಕ್ಷಕನು ಬೇಸರಗೊಳ್ಳುವುದೇಕೆ? ನಾಯಕನಾದ ಟಾಮಿ ಶೆಲ್ಬಿಯ ಪತ್ನಿ ಗ್ರೇಸಳು ಗುಂಡಿಗೆ ಬಲಿಯಾದಾಗ ನಮ್ಮ ಹೃದಯವು ಕರಗಿತು. ತಮ್ಮನಾದ ಜಾನನು ಹತನಾದಾಗ ನೊಂದಿತು. ಎಳೆಯ ಮಗಳು ರೂಬಿಯು ಕ್ಷಯದಿಂದ ತೀರಿಕೊಳ್ಳುವ ವೇಳೆಗೆ ಕಣ್ಣೀರೇ ಬತ್ತಿಹೋಗಿತ್ತು. ಒಂದೇ ರಸವನ್ನು ಮತ್ತೆ ಮತ್ತೆ ಉದ್ದೀಪನಗೊಳಿಸುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿ, ಕಾಳಿದಾಸನ ರತಿವಿಲಾಪವನ್ನೇ ಉದಾಹರಿಸಿರುವನು. ಮಹಾಕವಿಗೆ ದೊರೆಯದ ವಿನಾಯಿತಿಯು ಈ ಕಥೆಯ ಕರ್ತೃವಾದ ಸ್ಟೀವನ್ ನೈಟರಿಗೆ ಹೇಗೆ ದೊರೆತೀತು? ದುಃಖವು ಬೇಡವೆಂದು ನಾವು ಹೇಳುವುದಿಲ್ಲ. ಆಸೆಯ ಎಳೆಯೊಂದು ಉಳಿದಿದ್ದರಲ್ಲವೆ ಅದು ಹರಿದಾಗ ನೋವಾಗುವುದು?