ತತ್ಸೇವಿ ದೋಷ ಮತ್ತು ಮಿಶ್ರ ಸಮೂಹ ಚಿಕಿತ್ಸೆ

ಅಪರಾಧವೆಸಗಿ ಕಾವಲಿನ ಚಿಕಿತ್ಸಾಗೃಹ ಸೇರಿದ ಹದಿಹರೆಯದ ಹುಡುಗ ಹುಡುಗಿಯರನ್ನು ಒಟ್ಟಿಗೆ ಕುಳ್ಳಿರಿಸಿ, ತಮ್ಮ ತಪ್ಪುಗಳನ್ನು ಪರಸ್ಪರರ ಮುಂದೆ ಹೇಳಿಸುವುದು ಪಾಶ್ಚಾತ್ಯರ ಚಿಕಿತ್ಸಾಕ್ರಮಗಳಲ್ಲೊಂದು. ಬಿಡುಗಡೆಯ ಬಳಿಕ ಇವರು ಸ್ತ್ರೀಪುರುಷರಿಬ್ಬರೂ ಇರುವ ಸಮಾಜದಲ್ಲಿಯೇ ಬಾಳಬೇಕಾದುದರಿಂದ ಗೌರವದ ನಡೆಯನ್ನು ಕೂಡಿಯೇ ಕಲಿಯಲಿ ಎಂಬುದು ಸಮರ್ಥಕರ ವಾದ. ಈ ವಾದ ತಳ್ಳಿಹಾಕತಕ್ಕದ್ದಲ್ಲ. ಆದರೆ ದೋಷವನ್ನು ಯಾರ ಮುಂದೆ, ಹೇಗೆ ಹೇಳಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ತತ್ತ್ವಾರ್ಥಸೂತ್ರವು ಹೇಳುವ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನಾ, ಅಂದರೆ ಗುರುವಿನೆದುರು ದೋಷವನ್ನು ನಿವೇದಿಸುವುದು. ಈ ನಿವೇದನೆಗೆ ತಗಲುವ ಹತ್ತು ದೋಷಗಳನ್ನೂ ವ್ಯಾಖ್ಯಾನಕಾರರು ಎಣಿಸಿದ್ದಾರೆ. ಗದ್ದಲದ ನಡುವೆ ಹೇಳುವುದು ಶಬ್ದಾಕುಲಿತ. ಅದೇ ತಪ್ಪು ಮಾಡಿದವನ ಬಳಿ ಹೇಳಿಕೊಳ್ಳುವುದು ತತ್ಸೇವಿ. ಸಮಾನದೋಷಿಯು ಪರರ ತಪ್ಪನ್ನು ಸರಿಯಾಗಿ ತೂಗಲಾರ. ಅದರಲ್ಲಿ ತನ್ನ ತಪ್ಪಿಗೂ ಸಮರ್ಥನೆ ಹುಡುಕುತ್ತಾನೆ.

1999ರಲ್ಲಿ ಡಿಷನ್, ಮೆಕಾರ್ಡ್ ಮತ್ತು ಪೂಲ್ಯಾಂ ಎಂಬ ಸಂಶೋಧಕರು ಅಮೆರಿಕದಲ್ಲಿ ಪ್ರಕಟಿಸಿದ ಲೇಖನವು ಈ ಎಚ್ಚರಿಕೆಗೆ ಪುಷ್ಟಿ ನೀಡುತ್ತದೆ. ದಾರಿ ತಪ್ಪುವ ಲಕ್ಷಣವುಳ್ಳ ಹುಡುಗ ಹುಡುಗಿಯರನ್ನು ಸುಧಾರಣೆಗೆಂದು ಗುಂಪುಗೂಡಿಸಿದಾಗ, ಧೂಮಪಾನವೂ ಶಾಲೆಯಲ್ಲಿನ ದುರ್ವರ್ತನೆಯೂ ಹೆಚ್ಚಿದ್ದವು. ತಪ್ಪಿನ ಕಥೆಗೆ ಓರಗೆಯವರ ನಗೆಯೇ ಬಹುಮಾನವಾಗುತ್ತದೆ. ಆ ಮಕ್ಕಳು ಕಾವಲಿನಲ್ಲಿದ್ದವರಲ್ಲ. ನಿಪುಣ ಮಾರ್ಗದರ್ಶಕನು ಈ ಅಪಾಯವನ್ನು ತಗ್ಗಿಸಬಹುದೆಂಬುದೂ ನಿಜ. ಆದರೆ ಬೀಗ ಹಾಕಿದ ಮನೆಯಲ್ಲಿ ಅಪಾಯ ಇನ್ನೊಂದಿದೆ. ಅಲ್ಲಿಗೆ ಬರುವ ಹುಡುಗಿಯರಲ್ಲಿ ಅನೇಕರು ಸ್ವತಃ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು. ಅಂಥವಳ ಮುಂದೆ ಹುಡುಗನೊಬ್ಬ ತನ್ನ ಕೃತ್ಯವನ್ನು ವರ್ಣಿಸಿದರೆ, ಎದ್ದುಹೋಗುವ ಸ್ವಾತಂತ್ರ್ಯವೂ ಅವಳಿಗಿಲ್ಲ. ಒಬ್ಬನ ಶುದ್ಧಿಗಾಗಿ ಮತ್ತೊಬ್ಬಳ ಗಾಯ ಕೆದಕುವುದು ಹಿಂಸೆಯೇ. ಲಾಭವನ್ನಷ್ಟೇ ಬರೆದು ಈ ನಷ್ಟವನ್ನು ಬರೆಯದ ಲೆಕ್ಕ ಸರಿಯಾದ ಲೆಕ್ಕವಲ್ಲ.

ಕೂಡಿ ಬಾಳುವ ಪ್ರಯೋಗ ಹಳೆಯದು. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ 1913ರಲ್ಲಿ ಆರಂಭವಾದ ‘ಲಿಟ್ಲ್ ಕಾಮನ್‌ವೆಲ್ತ್’ನಲ್ಲಿ ಅಪರಾಧಿ ಹುಡುಗ ಹುಡುಗಿಯರು ತಾವೇ ನಿಯಮ ರಚಿಸಿ, ತಮ್ಮದೇ ನ್ಯಾಯಸಭೆ ನಡೆಸಿದರು. ಅಲ್ಲಿನ ಸಾಧನೆ ಕಡಿಮೆಯದಲ್ಲ. ಆದರೆ ಅದರ ಮುಖ್ಯಸ್ಥ ಹೋಮರ್ ಲೇನ್ ಮೇಲೆ ಇಬ್ಬರು ಹುಡುಗಿಯರು ಆರೋಪ ಹೊರಿಸಿದರು. ಸರ್ಕಾರದ ವಿಚಾರಣೆಯ ನಂತರ 1918ರಲ್ಲಿ ಸಂಸ್ಥೆ ಮುಚ್ಚಿತು. ಆದುದರಿಂದ ರಕ್ಷಣೆಯ ಮೇರೆ ಮಕ್ಕಳ ನಡುವೆ ಮಾತ್ರವಲ್ಲ, ಮಕ್ಕಳು ಮತ್ತು ಹಿರಿಯರ ನಡುವೆಯೂ ಇರಬೇಕು.

ಈ ಮೇರೆಯನ್ನು ಅಕಲಂಕದೇವರ ರಾಜವಾರ್ತಿಕವು ಆಗಲೇ ಗುರುತಿಸಿದೆ. ಮುನಿಯ ಆಲೋಚನೆಯು ಏಕಾಂತದಲ್ಲಿ ಇಬ್ಬರ ನಡುವೆ ನಡೆಯಬಹುದು. ಆರ್ಯಿಕೆಯದು ಬಯಲಿನಲ್ಲಿ, ಮೂರನೆಯವರ ಸಮಕ್ಷಮದಲ್ಲಿಯೇ ನಡೆಯಬೇಕು. ಇದು ಸ್ತ್ರೀಯ ಮೇಲಿನ ಅವಿಶ್ವಾಸವಲ್ಲ, ಹೇಳುವವರಿಗೂ ಕೇಳುವವರಿಗೂ ಕಾವಲು.

ಹಾಗಾದರೆ ಆ ಮಕ್ಕಳು ಪಾಠ, ಆಟ, ಕೆಲಸಗಳಲ್ಲಿ ಮೇಲ್ವಿಚಾರಣೆಯೊಳಗೆ ಕೂಡಿರಲಿ. ಮರ್ಯಾದೆಯನ್ನು ಅಲ್ಲಿ ಕಲಿಯಲಿ. ದೋಷನಿವೇದನೆ ಮಾತ್ರ ಯೋಗ್ಯ ಮಾರ್ಗದರ್ಶಕರ ಮುಂದೆ, ಬೇರೆಯಾಗಿ, ಮೇಲೆ ಹೇಳಿದ ಕಾವಲಿನೊಡನೆ ನಡೆಯಲಿ. ಕೇಳಲೊಲ್ಲದ ಮಗುವಿಗೆ ಎದ್ದುಹೋಗುವ ಹಕ್ಕಿರಲಿ. ಪ್ರಾಯಶ್ಚಿತ್ತವು ಪಾಪವನ್ನು ಕಳೆಯಬೇಕೇ ಹೊರತು, ಕೇಳುವವರ ಹೆಗಲಿಗೆ ದಾಟಿಸಬಾರದು.