ಪತ್ರಿಕಾ ಸುಧಾರಣೆ ಮತ್ತು ಮರೆತುಹೋದ ಓದುಗ

ಪತ್ರಿಕಾ ಸ್ವಾತಂತ್ರ್ಯ ಎಂದೊಡನೆ ನಮಗೆ ಸರಕಾರದ ಸೆನ್ಸಾರ್ ನೆನಪಾಗುತ್ತದೆ. ಆದರೆ ಪತ್ರಿಕೆಯು ದೊಡ್ಡ ಬಂಡವಾಳದ ಉದ್ಯಮವಾದ ಮೇಲೆ ಮಾಲಕನಿಂದಲೂ ಅದಕ್ಕೆ ಸ್ವಾತಂತ್ರ್ಯ ಬೇಕೆಂಬ ಮಾತು ಹುಟ್ಟಿತು. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ದಿನಪತ್ರಿಕೆ ಕೊಳ್ಳುವವನು ಕೊಡುವ ಹಣ ಅದರ ಖರ್ಚಿಗೆ ಸಾಲುವುದಿಲ್ಲ. ಉಳಿದುದನ್ನು ಜಾಹೀರಾತುದಾರ ತುಂಬುತ್ತಾನೆ. ಹಾಗಾದರೆ ಪತ್ರಿಕೆ ಯಾರ ಮಾತು ಕೇಳಬೇಕು?

ಅಮೆರಿಕದ ಹಚಿನ್ಸ್ ಆಯೋಗ 1947ರಲ್ಲೇ ಈ ಪ್ರಶ್ನೆಯನ್ನೆತ್ತಿ, ಸಮಾಜದ ಎಲ್ಲ ವರ್ಗಗಳ ನೈಜ ಚಿತ್ರಣ ನೀಡುವುದು ಪತ್ರಿಕೆಗಳ ಹೊಣೆ ಎಂದಿತು. ನಮ್ಮಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರ ಪ್ರಥಮ ಪತ್ರಿಕಾ ಆಯೋಗ 1954ರಲ್ಲಿ ಸೂಚಿಸಿದ ಮದ್ದುಗಳಲ್ಲಿ ಎರಡು ಮುಖ್ಯ: ಪುಟಗಳಿಗೆ ತಕ್ಕ ಬೆಲೆ ಮತ್ತು ಪತ್ರಿಕಾ ಮಂಡಳಿ. ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ದೊಡ್ಡ ಪತ್ರಿಕೆಗಳು ಸಣ್ಣವನ್ನು ನುಂಗಬಾರದೆಂಬುದು ಮೊದಲನೆಯದರ ಆಶಯ. 1956ರಲ್ಲಿ ಅದಕ್ಕೆ ಕಾಯ್ದೆಯೂ ಬಂತು. ಆದರೆ ಪುಣೆಯ ‘ಸಕಾಳ್’ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ಅಸಿಂಧುಗೊಳಿಸಿತು.

ಆ ತೀರ್ಪನ್ನು ತಪ್ಪೆನ್ನಲು ನಾವು ಸಿದ್ಧರಿಲ್ಲ. ಮಾಲಕನ ಹಿಡಿತಕ್ಕೆ ಸರಕಾರದ ಹಿಡಿತ ಪರಿಹಾರವಲ್ಲ. ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ರಯ್ಯತ್’ ಪತ್ರಿಕೆಯನ್ನು ನಿಝಾಮ್ ಸರಕಾರ ಮುಚ್ಚಿಸಿದಾಗ ಶೋಯೆಬುಲ್ಲಾ ಖಾನ್ ‘ಇಮ್ರೋಝ್’ ಎಂಬ ಉರ್ದು ಪತ್ರಿಕೆ ಆರಂಭಿಸಿದರು. ರಝಾಕಾರರನ್ನು ಟೀಕಿಸಿದ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲ್ಲಲಾಯಿತು.

ನಮ್ಮ ತಕರಾರು ಬೇರೆ. ಈ ಸುಧಾರಕರು ಮಾಲಕ, ಸಂಪಾದಕ, ಸರಕಾರ ಮೂವರನ್ನೂ ಲೆಕ್ಕಕ್ಕೆ ಹಿಡಿದರು. ಓದುಗನನ್ನು ಮಾತ್ರ ಗಿರಾಕಿಯಾಗಿ ಉಳಿಸಿದರು. 1966ರಲ್ಲಿ ಸ್ಥಾಪನೆಯಾಗಿ, ತುರ್ತು ಪರಿಸ್ಥಿತಿಯಲ್ಲಿ ರದ್ದಾಗಿ, 1978ರ ಕಾಯ್ದೆಯಿಂದ ಮರಳಿದ ಪತ್ರಿಕಾ ಮಂಡಳಿಗೆ ಓದುಗ ದೂರು ಕೊಡಬಹುದು, ನಿಜ. ಆದರೆ ಎಚ್ಚರಿಕೆ, ಖಂಡನೆಗಳನ್ನು ಮೀರಿ ದಂಡಿಸುವ ಅಧಿಕಾರ ಅದಕ್ಕಿಲ್ಲ.

1994ರಲ್ಲಿ ಭಯೋತ್ಪಾದನೆಯ ಆರೋಪದಲ್ಲಿ ಬಂಧಿತನಾದ ಕಲಬುರಗಿಯ ಯುವಕನೊಬ್ಬ 2016ರಲ್ಲಿ ಸುಪ್ರೀಂ ಕೋರ್ಟಿನಿಂದ ನಿರ್ದೋಷಿ ಎನಿಸಿಕೊಂಡು ಹೊರಬಂದ. ಅಷ್ಟು ವರ್ಷ ಒಂದು ಕುಟುಂಬ ಹೊತ್ತ ಕಳಂಕವನ್ನು ಯಾವ ತಿದ್ದುಪಡಿ ತೊಳೆದೀತು? ಆರೋಪವನ್ನು ಅಪರಾಧವೆಂದು ಬರೆಯಬೇಡಿ, ಬಂಧನಕ್ಕೆ ಕೊಟ್ಟ ಜಾಗವನ್ನು ಖುಲಾಸೆಗೂ ಕೊಡಿ ಎಂದು ಕೇಳುವುದು ಯಾರೋ ಕೊಡುವ ರಿಯಾಯಿತಿಯಲ್ಲ, ಓದುಗನ ಹಕ್ಕು. ‘ದಿ ಹಿಂದೂ’ 2006ರಲ್ಲಿ ಓದುಗರ ದೂರು ಆಲಿಸಲೆಂದೇ ಒಬ್ಬ ಸಂಪಾದಕರನ್ನು ನೇಮಿಸಿತು. ಪ್ರತಿಯೊಂದು ಕನ್ನಡ ದಿನಪತ್ರಿಕೆಯಲ್ಲೂ ಅಂತಹ ಹುದ್ದೆ ಬೇಕು.

ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯವು ಬಂದ ಸುದ್ದಿಯನ್ನು ಪರಿಶೀಲಿಸುವ ಹೊಣೆಯನ್ನು ಕೇಳಿದವನ ಮೇಲೆ ಹೊರಿಸುತ್ತದೆ; ಅರಿಯದೆ ಯಾರಿಗೋ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತೆಂದು ಎಚ್ಚರಿಸುತ್ತದೆ. ಆಯೋಗಗಳು ಬಿಟ್ಟ ಕೆಲಸ ಅಲ್ಲಿಂದ ಆರಂಭವಾಗಬೇಕು. ಓದುಗ ಪ್ರಶ್ನಿಸದಿದ್ದರೆ ಪತ್ರಿಕೆಯನ್ನು ತಿದ್ದುವವರು ಬೇರೆ ಯಾರೂ ಇಲ್ಲ.